ನಿಂತಿರುವ ಸೇತುವೆಯಲ್ಲಿ ಉಳಿದ ಬಲವೆಷ್ಟು?

2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ, ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಗೋವಾ ಕಡೆಯಿಂದ ಬರುತ್ತಿದ್ದ ಒಂದು ಲಾರಿ ನೀರಿಗೆ ಬಿತ್ತು. ಚಾಲಕನನ್ನು ಊರಿನ ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಕೋಡಿಬಾಗವನ್ನೂ ಸದಾಶಿವಗಡವನ್ನೂ ಆ ಸೇತುವೆ ಸುಮಾರು ನಾಲ್ಕು ದಶಕ ಜೋಡಿಸಿತ್ತು. ಹನ್ನೊಂದು ತಿಂಗಳ ನಂತರ, 2025ರ ಜುಲೈ 9ರ ಬೆಳಿಗ್ಗೆ, ಗುಜರಾತಿನ ವಡೋದರಾ ಜಿಲ್ಲೆಯಲ್ಲಿ ಮಹಿ ನದಿಯ ಗಂಭೀರಾ ಸೇತುವೆಯ ಒಂದು ಭಾಗ ಮುರಿದು ಬಿತ್ತು. ಅದೂ ಹೆಚ್ಚುಕಡಿಮೆ ಅದೇ ಪ್ರಾಯದ್ದು, 1985ರದು. ಅಲ್ಲಿ ಕನಿಷ್ಠ ಇಪ್ಪತ್ತು ಜನ ಸತ್ತರು. ಕಾಳಿಯಲ್ಲಿ ಯಾರೂ ಸಾಯದೆ ಇದ್ದದ್ದಕ್ಕೆ ಕಾರಣ ಅದು ರಾತ್ರಿ ಬಿದ್ದದ್ದು, ಅಷ್ಟೆ.

ಪ್ರತಿ ಕುಸಿತದ ಮರುದಿನ ಎರಡು ಮಾತು ಕೇಳಿಬರುತ್ತವೆ. ಒಂದು, ‘ನಿನ್ನೆಯವರೆಗೂ ವಾಹನ ಓಡಾಡುತ್ತಿತ್ತಲ್ಲ’ ಎಂಬ ಅಚ್ಚರಿ. ಇನ್ನೊಂದು, ‘ಹಳೆಯ ಸೇತುವೆಗಳನ್ನೆಲ್ಲ ಪರಿಶೀಲಿಸಿ ವರದಿ ಕೊಡಿ’ ಎಂಬ ಆದೇಶ. ಮೊದಲನೆಯದು ಸೇತುವೆ ನಿಂತಿರುವುದನ್ನೇ ಅದರ ಬಲಕ್ಕೆ ಸಾಕ್ಷಿ ಎಂದುಕೊಳ್ಳುತ್ತದೆ. ಎರಡನೆಯದು ಒಬ್ಬ ಎಂಜಿನಿಯರ್ ಹೋಗಿ ನೋಡಿ ‘ಸುಸ್ಥಿತಿಯಲ್ಲಿದೆ’ ಅಥವಾ ‘ಶಿಥಿಲವಾಗಿದೆ’ ಎಂದು ಬರೆದರೆ ವಿಷಯ ತೀರ್ಮಾನವಾಯಿತು ಎಂದುಕೊಳ್ಳುತ್ತದೆ. ಇವೆರಡೂ ತಪ್ಪು ಎಂಬುದು ನನ್ನ ವಾದ. ಸೇತುವೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಸಾಲದು. ಇವತ್ತಿನ ಹೊರೆಗೆ ಅದು ಸೋಲುವ ಸಂಭವ ಎಷ್ಟು, ಆ ಸಂಭವ ವರ್ಷಕ್ಕೆ ಎಷ್ಟರಂತೆ ಏರುತ್ತಿದೆ, ಆ ಲೆಕ್ಕ ನಮಗೆ ಎಷ್ಟು ಖಚಿತವಾಗಿ ಗೊತ್ತು? ಈ ಮೂರಕ್ಕೆ ಉತ್ತರವಿಲ್ಲದ ಪ್ರಮಾಣಪತ್ರ ಬರಿಯ ಕಾಗದ.

ನಿಂತಿರುವುದೇ ಸಾಕ್ಷಿ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಐವತ್ತು ವರ್ಷ ಹೊರೆ ಹೊತ್ತ ಸೇತುವೆ ಆ ಹೊರೆಗಳ ಮಟ್ಟಿಗೆ ತನ್ನ ಶಕ್ತಿಯನ್ನು ತೋರಿಸಿಕೊಟ್ಟಿದೆ. ಕಟ್ಟುವಾಗಿನ ದೊಡ್ಡ ದೋಷವೇನಾದರೂ ಇದ್ದಿದ್ದರೆ ಬಹುಶಃ ಮೊದಲ ವರ್ಷಗಳಲ್ಲೇ ಹೊರಬೀಳುತ್ತಿತ್ತು. ಆದರೆ ಇದಕ್ಕೆ ಎರಡು ಷರತ್ತುಗಳಿವೆ: ನಾಳೆಯ ಹೊರೆ ನಿನ್ನೆಯ ಹೊರೆಯನ್ನು ಮೀರಬಾರದು, ನಾಳೆಯ ಶಕ್ತಿ ನಿನ್ನೆಯದಕ್ಕಿಂತ ಇಳಿಯಬಾರದು. ಬಾವಿಯ ಹಗ್ಗ ನಿನ್ನೆ ತುಂಬಿದ ಕೊಡ ಎಳೆದಿತ್ತು ಎಂಬುದು ಹಗ್ಗ ಸವೆಯದಿದ್ದರೆ ಮಾತ್ರ ಇವತ್ತಿಗೂ ಭರವಸೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1967ರಿಂದ ನಿಂತಿದ್ದ ಉಕ್ಕಿನ ಸೇತುವೆಯೊಂದರಲ್ಲಿ ತೊಲೆಗಳನ್ನು ಕೂಡಿಸುವ ಕೆಲವು ಫಲಕಗಳು ಇರಬೇಕಾದ ದಪ್ಪದ ಅರ್ಧದಷ್ಟೇ ಇದ್ದವು. ಅದು ವಿನ್ಯಾಸದಲ್ಲೇ ಆದ ತಪ್ಪು. ನಲವತ್ತು ವರ್ಷ ಆ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. 2007ರ ಆಗಸ್ಟ್ 1ರಂದು ದುರಸ್ತಿಗೆಂದು ತಂದ ಜಲ್ಲಿ, ಮರಳು, ಯಂತ್ರಗಳನ್ನು ಆ ಭಾಗದ ಮೇಲೆ ಪೇರಿಸಿದ್ದಾಗ ಅದು ನದಿಗೆ ಬಿತ್ತು. 13 ಜನ ಸತ್ತರು. ಅಲ್ಲಿ ತುಕ್ಕು ಕೂಡ ಮುಖ್ಯ ಕಾರಣವಾಗಿರಲಿಲ್ಲ. ಹೊರೆ ಬದಲಾಯಿತು, ನಲವತ್ತು ವರ್ಷದ ಸಾಕ್ಷಿ ಬಿದ್ದುಹೋಯಿತು.

ನಮ್ಮ ಕರಾವಳಿಯಲ್ಲಿ ಬದಲಾಗುವುದು ಹೊರೆಯೊಂದೇ ಅಲ್ಲ, ಶಕ್ತಿಯೂ ಇಳಿಯುತ್ತದೆ. ಆ ಇಳಿತದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಳೆಯುವ ಕಷ್ಟವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಕಾಂಕ್ರೀಟಿನೊಳಗೆ ಕಬ್ಬಿಣ ತುಕ್ಕು ಹಿಡಿಯದೆ ಇರುವುದು ಕಾಂಕ್ರೀಟಿನ ಕ್ಷಾರಗುಣದಿಂದ. ಹೊಸ ಕಾಂಕ್ರೀಟಿನ ಪಿಎಚ್ ಸುಮಾರು 12.5ರಿಂದ 13. ಅಂಥ ಕ್ಷಾರದಲ್ಲಿ ಸರಳಿನ ಮೈಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಂಡು ಅದನ್ನು ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಈ ಕ್ಷಾರವನ್ನು ಹೊರಗಿನಿಂದ ಒಳಕ್ಕೆ ಮೆಲ್ಲಗೆ ತಿನ್ನುತ್ತ ಬರುತ್ತದೆ. ಸಮುದ್ರದ ಬಳಿ ಅದಕ್ಕಿಂತ ಕೆಟ್ಟದ್ದು ಉಪ್ಪಿನ ಕ್ಲೋರೈಡ್. ಕ್ಷಾರ ಇನ್ನೂ ಉಳಿದಿರುವಾಗಲೇ ಅದು ಆ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಕಾಳಿ, ಶರಾವತಿ, ನೇತ್ರಾವತಿ ಕಡಲು ಸೇರುವಲ್ಲಿ ಭರತ ಬಂದಾಗ ಉಪ್ಪುನೀರು ಕಂಬಗಳನ್ನು ಏರುತ್ತದೆ, ಇಳಿತದಲ್ಲಿ ಕೆಳಗಿಳಿಯುತ್ತದೆ. ದಿನಕ್ಕೆರಡು ಸಲ ಒದ್ದೆಯಾಗಿ ಒಣಗುವ ಆ ಪಟ್ಟಿ ಕಂಬದ ಅತ್ಯಂತ ದುರ್ಬಲ ಜಾಗ.

ಕ್ಷಾರ ಕಳೆಯುವುದಾಗಲಿ ಉಪ್ಪು ಇಳಿಯುವುದಾಗಲಿ, ಆಳವು ಸ್ಥೂಲವಾಗಿ ಕಾಲದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ. ಅಂದರೆ ಸರಳನ್ನು ಮುಚ್ಚಿದ ಕಾಂಕ್ರೀಟಿನ ದಪ್ಪ ಅರ್ಧವಾದರೆ ರಕ್ಷಣೆಯ ಕಾಲ ಕಾಲುಭಾಗಕ್ಕೆ ಇಳಿಯುತ್ತದೆ. ನಕ್ಷೆಯಲ್ಲಿ 50 ಮಿ.ಮೀ. ಎಂದಿದ್ದು, ಎರಕ ಹೊಯ್ಯುವ ದಿನ ಸರಳಿನ ಪಂಜರ ಜಾರಿ ಒಂದು ಕಡೆ 40 ಮಿ.ಮೀ. ಆಯಿತೆಂದುಕೊಳ್ಳಿ. ಆ ಹತ್ತು ಮಿ.ಮೀ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಯಸ್ಸನ್ನು ತಿಂದುಹಾಕುತ್ತದೆ. ಆ ದಿನದ ಅಜಾಗರೂಕತೆ ಹೊರಗೆ ಕಾಣುವ ಹೊತ್ತಿಗೆ ಗುತ್ತಿಗೆದಾರನೂ ಎಂಜಿನಿಯರನೂ ನಿವೃತ್ತರಾಗಿರುತ್ತಾರೆ. ಒಂದೇ ವರ್ಷ, ಒಂದೇ ನಕ್ಷೆಯಲ್ಲಿ ಕಟ್ಟಿದ ಎರಡು ಸೇತುವೆಗಳು ಬೇರೆ ಬೇರೆ ಕಾಲಕ್ಕೆ ಕೆಡುವುದಕ್ಕೆ ಇದೇ ಕಾರಣ. ವಯಸ್ಸು ಮಾತ್ರ ನೋಡಿ ತೀರ್ಪು ಕೊಡಬಾರದು ಎನ್ನುವುದೂ ಇದಕ್ಕೇ.

ತುಕ್ಕು ಶುರುವಾದ ಮೇಲೆ ವೇಗ ಬೇರೆ. 16 ಮಿ.ಮೀ. ಸರಳಿನ ಸುತ್ತ ಒಂದೇ ಮಿ.ಮೀ. ತುಕ್ಕು ತಿಂದರೆ 14 ಮಿ.ಮೀ. ಉಳಿಯುತ್ತದೆ. ಕೇಳಲು ಅಲ್ಪವೇ. ಆದರೆ ಹೊರೆ ಹೊರುವ ಅಡ್ಡಕೊಯ್ತ 201 ಚದರ ಮಿ.ಮೀ.ನಿಂದ 154ಕ್ಕೆ ಇಳಿದಿರುತ್ತದೆ, ಹತ್ತಿರ ಹತ್ತಿರ ಕಾಲುಭಾಗ ನಷ್ಟ. ಸಾಮಾನ್ಯ ಆರ್‌ಸಿಸಿ ಸೇತುವೆಯಲ್ಲಿ ಒಂದು ಸಮಾಧಾನವಿದೆ: ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಬಿರಿಯುತ್ತದೆ, ಕಂದು ಕಲೆ ಹರಿಯುತ್ತದೆ, ಚಕ್ಕೆ ಉದುರುತ್ತದೆ. ಸೇತುವೆಯೇ ನಮ್ಮನ್ನು ಎಚ್ಚರಿಸುತ್ತದೆ.

ಪ್ರಿಸ್ಟ್ರೆಸ್ಡ್ ಸೇತುವೆಗಳಲ್ಲಿ ಈ ಎಚ್ಚರಿಕೆಯನ್ನೂ ನಂಬುವಂತಿಲ್ಲ. ಅಲ್ಲಿ ಬಿಗಿದೆಳೆದ ಉಕ್ಕಿನ ಕೇಬಲ್‌ಗಳು ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿರುತ್ತವೆ. ಬಿಗಿದ ಮೇಲೆ ಆ ಕೊಳವೆಗಳಿಗೆ ಸಿಮೆಂಟಿನ ಗ್ರೌಟ್ ತುಂಬಬೇಕು. ಗ್ರೌಟ್ ಪೂರ್ತಿ ತುಂಬದೆ ಪೊಳ್ಳು ಉಳಿದರೆ ಅಲ್ಲಿ ತೇವ ಸೇರುತ್ತದೆ, ಸದಾ ಎಳೆತದಲ್ಲಿರುವ ತಂತಿಗಳು ಒಂದೊಂದಾಗಿ ಕಡಿಯುತ್ತವೆ. ಹೊರಗೆ ತೊಲೆ ನುಣ್ಣಗೆ ಕಾಣುತ್ತಿರುತ್ತದೆ. ಪಣಜಿಯಲ್ಲಿ ಮಾಂಡೋವಿ ನದಿಯ ಮೊದಲ ಸೇತುವೆ ಎರಡು ದಶಕ ತುಂಬುವ ಮೊದಲೇ, 1986ರ ಜುಲೈನಲ್ಲಿ ಬಿತ್ತು. ಕಾರಣ ಕೇಬಲ್‌ಗಳ ತುಕ್ಕು. ಅದರ ಹಿಂದಿನ ವರ್ಷ ವೇಲ್ಸ್‌ನ ಒಂದು ಚಿಕ್ಕ ಸೇತುವೆ ಇದೇ ಕಾರಣಕ್ಕೆ, ಮೇಲೆ ಯಾವ ವಾಹನವೂ ಇಲ್ಲದಾಗ, ತನ್ನ ತೂಕಕ್ಕೇ ಮುರಿದಿತ್ತು. ಕಾಳಿ ಸೇತುವೆ ಬಿದ್ದು ಸುಮಾರು ಒಂದು ತಿಂಗಳಾಗಿತ್ತು, ಜರ್ಮನಿಯ ಡ್ರೆಸ್ಡೆನ್ ನಗರದ ಕರೋಲಾ ಸೇತುವೆಯ ಒಂದು ಭಾಗ ಎಲ್ಬೆ ನದಿಗೆ ಬಿತ್ತು. ಅಲ್ಲೂ ಒಳಗಿನ ಉಕ್ಕು ಸೀಳು ಬಿಟ್ಟಿತ್ತು. ಜಿನೋವಾದಲ್ಲಿ 2018ರ ಆಗಸ್ಟ್ 14ರಂದು 43 ಜನರನ್ನು ಕೊಂದ ಮೊರಾಂಡಿ ಸೇತುವೆಯ ಎಳೆಗಂಬಿಗಳನ್ನು ತುಕ್ಕಿನಿಂದ ಕಾಪಾಡಲೆಂದೇ ಕಾಂಕ್ರೀಟಿನಲ್ಲಿ ಹುದುಗಿಸಲಾಗಿತ್ತು. ಹುದುಗಿಸಿದ್ದರಿಂದಲೇ ಒಳಗಿನ ತುಕ್ಕು ಕಣ್ಣಿಗೆ ಬೀಳಲಿಲ್ಲ. ಅದನ್ನು ವಿನ್ಯಾಸ ಮಾಡಿದ ರಿಕಾರ್ಡೊ ಮೊರಾಂಡಿಯೇ 1979ರಷ್ಟು ಹಿಂದೆ ಕಡಲಗಾಳಿಯೂ ಕಾರ್ಖಾನೆಯ ಹೊಗೆಯೂ ಸೇತುವೆಯನ್ನು ಕೆಡಿಸುತ್ತಿವೆ ಎಂದು ಬರೆದಿದ್ದರು. ಕಟ್ಟಿದವರೇ ಎಚ್ಚರಿಸಿದ ಮೇಲೆ ನಾಲ್ಕು ದಶಕ ಕಳೆದುಹೋಯಿತು ಎನ್ನುವುದು ನನ್ನನ್ನು ಈಗಲೂ ಕಾಡುತ್ತದೆ.

ಬಲ ಇಳಿಯುವುದು ಸರಳರೇಖೆಯಲ್ಲಲ್ಲ ಎಂಬುದಕ್ಕೆ ಗುಜರಾತಿನ ಮೋರ್ಬಿಯ ತೂಗುಸೇತುವೆಗಿಂತ ಕಠೋರ ಉದಾಹರಣೆ ಬೇಡ. 2022ರ ಅಕ್ಟೋಬರ್ 30ರಂದು ಅಲ್ಲಿ 135 ಜನ ಸತ್ತರು. ಮುಖ್ಯ ಕೇಬಲ್ಲಿನ 49 ತಂತಿಗಳಲ್ಲಿ 22 ತುಕ್ಕು ಹಿಡಿದಿದ್ದವು, ಬಹುಶಃ ಆ ದಿನಕ್ಕೆ ಮೊದಲೇ ಕಡಿದಿದ್ದವು ಎಂದು ವಿಶೇಷ ತನಿಖಾ ತಂಡ ಹೇಳಿತು. ಆ ತಂತಿಗಳು ಹೋಗಿದ್ದರೆ ಉಳಿದ 27ರಲ್ಲಿ ಪ್ರತಿಯೊಂದೂ ತನ್ನ ಪಾಲಿನ 1.8 ಪಟ್ಟು ಎಳೆತ ಹೊತ್ತಿರಬೇಕು. ಇನ್ನೊಂದು ಹೋದರೆ ಉಳಿದವುಗಳ ಮೇಲೆ ಇನ್ನಷ್ಟು. ಮೊದಲ ತಂತಿ ಹೋದಾಗ ಏನೂ ತಿಳಿಯುವುದಿಲ್ಲ, ಇಪ್ಪತ್ತಮೂರನೆಯದು ಹೋದಾಗ ಹೊತ್ತು ಮೀರಿರುತ್ತದೆ. ದುರಸ್ತಿಯಲ್ಲಿ ನೆಲಹಾಸು ಹೊಸದಾಗಿತ್ತು, ಮುಖ್ಯ ಕೇಬಲ್ ಹಳೆಯದೇ ಇತ್ತು. ಸೇತುವೆಯನ್ನು ಜನರಿಗೆ ಮತ್ತೆ ತೆರೆದು ಕೆಲವೇ ದಿನಗಳಾಗಿದ್ದವು.

ಇನ್ನು ಹೊರೆಯ ಕಡೆ. 2018ರಲ್ಲಿ ಕೇಂದ್ರ ಸರ್ಕಾರ ಸರಕು ವಾಹನಗಳ ಅನುಮತಿತ ಭಾರವನ್ನು ಹೆಚ್ಚಿಸಿತು. ನಾಲ್ಕು ಚಕ್ರದ ಒಂಟಿ ಆಕ್ಸಲ್ ಮೇಲಿನ ಮಿತಿ 10.2 ಟನ್‌ನಿಂದ 11.5 ಟನ್‌ಗೆ ಏರಿತು. ಉಕ್ಕಿನ ಬೆಸುಗೆಗಳ ದಣಿವು ಒತ್ತಡದ ಸುಮಾರು ಘನಕ್ಕೆ ತಕ್ಕಂತೆ ಹೆಚ್ಚುವುದರಿಂದ, ಈ ಎಂಟನೇ ಒಂದು ಪಾಲಿನ ಏರಿಕೆಗೆ ಪ್ರತಿ ಸಲದ ಹಾನಿ ಶೇ 40ಕ್ಕೂ ಹೆಚ್ಚಾಗುತ್ತದೆ. ದೊಡ್ಡ ಕಾಂಕ್ರೀಟ್ ಸೇತುವೆಗಳಲ್ಲಿ ಪರಿಣಾಮ ಇಷ್ಟಿರದು, ಅಲ್ಲಿ ಸೇತುವೆಯ ಸ್ವಂತ ತೂಕವೇ ಮುಖ್ಯ ಹೊರೆ. ಆದರೆ ಚಿಕ್ಕ ಸೇತುವೆಗಳಿಗೆ, ಬೇರಿಂಗ್‌ಗಳಿಗೆ, ತೊಲೆಗಳು ಒಂದರ ಮೇಲೊಂದು ಕೂರುವ ಸಂದುಗಳಿಗೆ ಲಾರಿಯ ಭಾರ ನೇರವಾಗಿಯೇ ತಾಗುತ್ತದೆ. ಗಂಭೀರಾ ಸೇತುವೆಯ ಪ್ರಾಥಮಿಕ ತನಿಖೆ ಬೊಟ್ಟು ಮಾಡಿದ್ದೂ ಪೆಡೆಸ್ಟಲ್ ಮತ್ತು ಜೋಡಣೆಯ ಸಂದು ಜಜ್ಜಿಹೋದದ್ದರ ಕಡೆಗೆ. ಕಾನೂನಿನ ಮಿತಿಯನ್ನೂ ಮೀರಿ ಹೇರುವ ಅದಿರು, ಮರಳು, ಜಲ್ಲಿ ಲಾರಿಗಳ ಮಾತು ಬೇರೆಯೇ.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. ಅಂಕಿಗಳು ನಾನು ವಿವರಣೆಗೆ ಇಟ್ಟುಕೊಂಡವು, ವಿಧಾನ ಎಂಜಿನಿಯರುಗಳದ್ದೇ. ಹೊಸ ಸೇತುವೆಯ ಸರಾಸರಿ ಶಕ್ತಿ 200, ವರ್ಷದಲ್ಲಿ ಬರಬಹುದಾದ ಅತಿ ದೊಡ್ಡ ಹೊರೆ ಸರಾಸರಿ 100, ಎರಡರ ಏರುಪೇರೂ, ಅಂದರೆ ಪ್ರಮಾಣ ವಿಚಲನೆಯೂ, 20 ಎನ್ನೋಣ. ಶಕ್ತಿಯಿಂದ ಹೊರೆಯನ್ನು ಕಳೆದು ಒಟ್ಟು ಏರುಪೇರಿನಿಂದ (ಎರಡೂ ವಿಚಲನೆಗಳ ವರ್ಗಗಳ ಮೊತ್ತದ ವರ್ಗಮೂಲದಿಂದ) ಭಾಗಿಸಿದರೆ ಬರುವ ಸಂಖ್ಯೆಗೆ ವಿಶ್ವಾಸಾರ್ಹತಾ ಸೂಚ್ಯಂಕ ಎನ್ನುತ್ತಾರೆ. ಇಲ್ಲಿ ಅದು 3.5; ಸೋಲುವ ಸಂಭವ ಸುಮಾರು 5,000ಕ್ಕೆ ಒಂದು. ನಲವತ್ತು ವರ್ಷದ ಮೇಲೆ ಶಕ್ತಿ 170ಕ್ಕೆ ಇಳಿಯಿತು, ಹೊರೆ 110ಕ್ಕೆ ಏರಿತು, ಒಳಗೆ ಎಷ್ಟು ತುಕ್ಕು ತಿಂದಿದೆ ಎಂದು ಗೊತ್ತಿಲ್ಲದ್ದರಿಂದ ಶಕ್ತಿಯ ಏರುಪೇರು 30 ಆಯಿತು ಎಂದುಕೊಳ್ಳಿ. ಹಳೆಯ ಕ್ರಮದಲ್ಲಿ ಶಕ್ತಿಯನ್ನು ಹೊರೆಯಿಂದ ಭಾಗಿಸಿದರೆ ಈಗಲೂ ಒಂದೂವರೆ ಪಟ್ಟು ಇದೆ, ಗಾಬರಿಯಾಗುವಂಥದ್ದೇನೂ ಕಾಣದು. ಆದರೆ ಸೂಚ್ಯಂಕ 1.66ಕ್ಕೆ ಕುಸಿದಿರುತ್ತದೆ, ಸಂಭವ ಇಪ್ಪತ್ತಕ್ಕೆ ಒಂದರ ಆಸುಪಾಸು. ಸರಾಸರಿ ಶಕ್ತಿ ಇಳಿದದ್ದು ಶೇ 15 ಮಾತ್ರ, ಅಪಾಯ ಏರಿದ್ದು ಇನ್ನೂರು ಪಟ್ಟಿಗೂ ಹೆಚ್ಚು.

ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಒಂದು ಚೀಲ ಸಿಮೆಂಟೂ ಬಳಸದೆ, ಸರಿಯಾಗಿ ಪರೀಕ್ಷಿಸಿ, ಶಕ್ತಿ ನಿಜಕ್ಕೂ 170ರ ಆಸುಪಾಸಿನಲ್ಲೇ ಇದೆ ಎಂದು ತಿಳಿದುಕೊಂಡು ಏರುಪೇರನ್ನು 20ಕ್ಕೆ ಇಳಿಸಿದರೆ ಸಂಭವ ಅರವತ್ತಕ್ಕೆ ಒಂದರಷ್ಟಾಗುತ್ತದೆ. ಭಾರಿ ಲಾರಿಗಳನ್ನು ತಡೆದು ಹೊರೆಯನ್ನು 90ಕ್ಕೆ ಮಿತಿಗೊಳಿಸಿದರೆ 430ಕ್ಕೆ ಒಂದು. ಪರೀಕ್ಷೆ ನಡೆದು ಶಕ್ತಿ 140 ಮಾತ್ರ ಎಂದು ತಿಳಿದರೂ ಅದು ಲಾಭವೇ, ಸೇತುವೆ ಮುಚ್ಚಲು ಕಾರಣ ಸಿಕ್ಕಿತು. ಪರೀಕ್ಷೆಗೆ ಹಣವಿಲ್ಲ ಎನ್ನುವವರು ಗಮನಿಸಬೇಕಾದದ್ದು ಇದನ್ನು: ತಿಳಿವಳಿಕೆಯೂ ಸೇತುವೆಯ ಸುರಕ್ಷತೆಯ ಒಂದು ಭಾಗ, ಅದು ದುರಸ್ತಿಗಿಂತ ಅಗ್ಗ.

ಹಾಗಾದರೆ ನಮ್ಮ ಪರಿಶೀಲನೆ ಆ ತಿಳಿವಳಿಕೆ ಕೊಡುತ್ತಿದೆಯೇ? 2016ರ ಆಗಸ್ಟ್ 2ರ ರಾತ್ರಿ ಮುಂಬೈ-ಗೋವಾ ಹೆದ್ದಾರಿಯಲ್ಲಿ, ಮಹಾಡ್ ಬಳಿ, ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆ ಪ್ರವಾಹಕ್ಕೆ ಸಿಕ್ಕಿ ಕೊಚ್ಚಿಹೋಯಿತು. ಎರಡು ಸಾರಿಗೆ ಬಸ್ಸುಗಳು ಕತ್ತಲಲ್ಲಿ ನದಿಗೆ ಬಿದ್ದವು. ಅದೇ ವರ್ಷದ ಮೇ ತಿಂಗಳಲ್ಲಿ ಪರಿಶೀಲನೆ ನಡೆದು ಸೇತುವೆ ಸಂಚಾರಕ್ಕೆ ಯೋಗ್ಯವೆಂಬ ವರದಿ ಬಂದಿತ್ತು. ಪರಿಶೀಲಿಸಿದವರು ಸುಳ್ಳು ಬರೆದರು ಎಂದು ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ಮೇಲಿನಿಂದ ನೋಡಿದವರಿಗೆ ಮಳೆಗಾಲದ ನೀರು ಅಡಿಪಾಯದ ಕೆಳಗೆ ಏನು ಮಾಡೀತು ಎಂದು ಕಾಣಲು ಸಾಧ್ಯವಿರಲಿಲ್ಲ. ಕಣ್ಣಿನ ಪರಿಶೀಲನೆಯನ್ನು ಎಷ್ಟು ನಂಬಬಹುದು ಎಂದು ಅಮೆರಿಕದ ಹೆದ್ದಾರಿ ಆಡಳಿತ ಒಮ್ಮೆ ಅಳೆದು ನೋಡಿತ್ತು. ವೃತ್ತಿನಿರತರಾದ 49 ಪರಿಶೀಲಕರನ್ನು ಅವೇ ಸೇತುವೆಗಳಿಗೆ ಕಳಿಸಿ ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಕೊಡಲು ಹೇಳಿತು. 2001ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸರಾಸರಿಯಿಂದ ಎರಡಂಕ ಮೇಲೆ ಕೆಳಗೆ ಎಂದು ಹಿಡಿದರೆ ಮಾತ್ರ ಶೇ 95ರಷ್ಟು ಅಂಕಗಳು ಆ ಹರವಿನೊಳಗೆ ಬರುತ್ತಿದ್ದವು. ಒಬ್ಬರು ‘ಚೆನ್ನಾಗಿದೆ’ ಎಂದದ್ದು ಇನ್ನೊಬ್ಬರಿಗೆ ‘ಕೆಟ್ಟಿದೆ’ ಆಗಲು ಅಷ್ಟು ಸಾಕು. ತರಬೇತಿ, ದುರ್ಬೀನು, ಏಣಿ, ವೇಳೆ ಎಲ್ಲ ಇದ್ದವರ ಪಾಡು ಇದು. ನಮ್ಮಲ್ಲಿ ಒಬ್ಬ ಸಹಾಯಕ ಎಂಜಿನಿಯರ್ ತನ್ನ ತಾಲ್ಲೂಕಿನ ರಸ್ತೆ, ಕಟ್ಟಡ, ಸೇತುವೆ ಎಲ್ಲವನ್ನೂ ನೋಡಿಕೊಳ್ಳುತ್ತ ಒಂದು ವಾರದೊಳಗೆ ವರದಿ ಕೊಡಬೇಕಾದರೆ ಏನಾದೀತು?

ಉಪಕರಣಗಳು ಇಲ್ಲದಿಲ್ಲ. ಕಾಂಕ್ರೀಟಿನ ಮೇಲಿಂದ ಸರಳಿನ ವಿದ್ಯುತ್ ವಿಭವ ಅಳೆದು ಒಳಗೆ ತುಕ್ಕು ನಡೆಯುತ್ತಿದೆಯೇ ಎಂದು ಅಂದಾಜಿಸಬಹುದು. ಕೊರೆದು ತೆಗೆದ ಪುಡಿಯಲ್ಲಿ ಕ್ಲೋರೈಡ್ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಬಹುದು. ತಂತಿ ಕಡಿಯುವ ಸದ್ದನ್ನು ಸಂವೇದಕಗಳಿಂದ ಹಗಲಿರುಳು ಆಲಿಸಬಹುದು. ಡ್ರೆಸ್ಡೆನ್‌ನಲ್ಲಿ ಕುಸಿತದ ನಂತರ ಉಳಿದ ಭಾಗಗಳಿಗೆ ಹಾಗೆಯೇ ಮಾಡಿದರು. ತೂಕದ ಲಾರಿಗಳನ್ನು ನಿಲ್ಲಿಸಿ ತೊಲೆ ಎಷ್ಟು ಬಾಗುತ್ತದೆ ಎಂದು ಅಳೆಯುವ ಹೊರೆ ಪರೀಕ್ಷೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯೇ ಇದೆ. ದೇಶದ ಸೇತುವೆಗಳ ಪಟ್ಟಿ ಮಾಡಿ ಅಂಕ ಕೊಡುವ ಭಾರತೀಯ ಸೇತುವೆ ನಿರ್ವಹಣಾ ವ್ಯವಸ್ಥೆ 2016ರಲ್ಲೇ ಶುರುವಾಗಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸೇತುವೆ, ಮೋರಿಗಳನ್ನು ದಾಖಲಿಸಿತು. ಕೊರತೆ ಇರುವುದು ಇವನ್ನೆಲ್ಲ ಒಂದು ಸಂಭವದ ಅಂಕಿಗೆ ತಂದು, ಆ ಅಂಕಿಯ ಮೇಲೆ ನಿರ್ಧಾರ ತೆಗೆದುಕೊಳ್ಳುವ ರೂಢಿಯಲ್ಲಿ.

ತುಕ್ಕಿನ ಬಗ್ಗೆ ಇಷ್ಟು ಬರೆದೆನಾದರೂ ನೀರನ್ನು ಬಿಟ್ಟರೆ ಲೆಕ್ಕ ಪೂರ್ತಿಯಾಗದು. 1977ರಿಂದ 2017ರವರೆಗೆ ಭಾರತದಲ್ಲಿ ಸೋತ 2,130 ಸೇತುವೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನ ಶೇ 80ರಷ್ಟು ಕುಸಿತಕ್ಕೆ ನೈಸರ್ಗಿಕ ವಿಕೋಪ ಕಾರಣವೆಂದೂ, ಶೇ 10ರಷ್ಟಕ್ಕೆ ಸಾಮಗ್ರಿ ಕೆಟ್ಟದ್ದು ಕಾರಣವೆಂದೂ ಹೇಳಿತು. ಬಿದ್ದ ಸೇತುವೆಗಳ ಸರಾಸರಿ ವಯಸ್ಸು 34.5 ವರ್ಷ. ಪ್ರವಾಹವನ್ನು ವಿಕೋಪದ ಖಾತೆಗೆ ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಂಬದ ಬುಡದ ಮರಳು ವರ್ಷದಿಂದ ವರ್ಷಕ್ಕೆ ಕೊರೆದುಹೋಗುವುದೂ ಸೇತುವೆಗೆ ಆಗುವ ಮುಪ್ಪೇ. ಬಂಟ್ವಾಳ ತಾಲ್ಲೂಕಿನ ಮೂಲರಪಟ್ನದಲ್ಲಿ ಫಲ್ಗುಣಿ ನದಿಯ ಸೇತುವೆ 2018ರ ಜೂನ್‌ನಲ್ಲಿ ಕುಸಿದಾಗ ಊರಿನವರು ಬೊಟ್ಟು ಮಾಡಿದ್ದು ಮರಳುಗಾರಿಕೆಯ ಕಡೆಗೆ. ನದಿಯ ತಳವೇ ಕೆಳಗಿಳಿದರೆ ಕಂಬ ಗಟ್ಟಿಯಿದ್ದೂ ಪ್ರಯೋಜನವಿಲ್ಲ, ಅದರ ಸುತ್ತಲಿನ ಹಿಡಿತ ಹೋಗಿರುತ್ತದೆ. ಲೋಕೋಪಯೋಗಿ ಇಲಾಖೆ ಸೇತುವೆಯ ಮೇಲ್ಮೈ ನೋಡುತ್ತದೆ, ಗಣಿ ಇಲಾಖೆ ಮರಳಿನ ಪರ್ಮಿಟ್ ನೋಡುತ್ತದೆ. ಕಂಬದ ಬುಡದಲ್ಲಿ ಈ ವರ್ಷ ಎಷ್ಟು ಅಡಿ ಮರಳು ಉಳಿದಿದೆ ಎಂದು ಅಳೆಯುವ ಹೊಣೆ ಒಬ್ಬರದ್ದಾಗಬೇಕು.

ಹಳೆಯದನ್ನೆಲ್ಲ ಕೆಡವಿ ಹೊಸದು ಕಟ್ಟಿಬಿಡಿ ಎನ್ನುವ ವಾದವೂ ಇದೆ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ 1804ರದು, ಕಲ್ಲಿನ ಕಂಬಗಳ ಮೇಲೆ ಎರಡು ಶತಮಾನ ಕಾವೇರಿಯ ಪ್ರವಾಹಗಳನ್ನು ಕಂಡಿದೆ. ಮಾಂಡೋವಿಯದು ಎರಡು ದಶಕವನ್ನೂ ಕಾಣಲಿಲ್ಲ. ಎಲ್ಲವನ್ನೂ ಬದಲಿಸುವಷ್ಟು ಹಣ ಯಾವ ಸರ್ಕಾರದ ಬಳಿಯೂ ಇಲ್ಲ. ಇದ್ದರೂ, ಗಟ್ಟಿಯಿರುವ ಹಳೆಯ ಸೇತುವೆಯನ್ನು ಕೆಡವಲು ಹಾಕಿದ ಹಣ ನಿಜಕ್ಕೂ ಸೋಲುತ್ತಿರುವ ಇನ್ನೊಂದರಿಂದ ಕಿತ್ತುಕೊಂಡದ್ದು. ಯಾವುದನ್ನು ಮೊದಲು ಮುಟ್ಟಬೇಕು ಎಂಬ ಕ್ರಮವನ್ನು ಸಂಭವದ ಅಂಕಿ ಮಾತ್ರ ಹೇಳಬಲ್ಲದು. ಶಾಸಕರ ಒತ್ತಡವಾಗಲಿ ಸೇತುವೆಯ ಜನ್ಮವರ್ಷವಾಗಲಿ ಹೇಳಲಾರದು.

ಆದ್ದರಿಂದ ನಾನು ಕೇಳುವ ಪ್ರಮಾಣಪತ್ರದಲ್ಲಿ ‘ಸುಸ್ಥಿತಿ’ ಎಂಬ ಒಂದು ಮಾತಿಗಿಂತ ಹೆಚ್ಚು ಇರಬೇಕು. ಯಾವ ಭಾಗವನ್ನು ಯಾವ ಉಪಕರಣದಿಂದ ನೋಡಿದರು, ಯಾವುದನ್ನು ನೋಡಲಾಗಲಿಲ್ಲ, ಎಷ್ಟು ಟನ್ನಿನ ವಾಹನಕ್ಕೆ ಈ ಮಾತು ಅನ್ವಯ, ಯಾವ ದಿನಾಂಕದವರೆಗೆ ಮಾತ್ರ ಇದು ನಿಲ್ಲುತ್ತದೆ. ನೋಡಲಾಗದ ಭಾಗ ಹೆಚ್ಚಿದ್ದಷ್ಟೂ ಅವಧಿ ಚಿಕ್ಕದಾಗಬೇಕು, ಟನ್ನಿನ ಮಿತಿ ಇಳಿಯಬೇಕು. ಇದೆಲ್ಲ ಸಾರ್ವಜನಿಕರಿಗೆ ತಿಳಿಯಬೇಕು. ಜನ ಗಾಬರಿಯಾಗುತ್ತಾರೆ, ರಾಜಕೀಯ ಆಗುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರಾಗಿ ಕಾಣುವುದಿಲ್ಲ. ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಒಂದು ಸೇತುವೆ ಮುಚ್ಚಿದರೆ ಆಸ್ಪತ್ರೆ, ಮೀನು ಮಾರುಕಟ್ಟೆ, ಕಾಲೇಜು ಎಲ್ಲ ದೂರವಾಗುತ್ತವೆ, ಆ ಕಷ್ಟ ಬಡವರಿಗೇ ಹೆಚ್ಚು. ಆದರೆ ಗೋವಾದಲ್ಲಿ 1983ರ ಜುವಾರಿ ಸೇತುವೆ ದಣಿದಿದೆ ಎಂದು ತಿಳಿದ ಮೇಲೆ ವರ್ಷಗಟ್ಟಲೆ ಭಾರಿ ವಾಹನಗಳನ್ನು ನಿರ್ಬಂಧಿಸಿ, ಜನರಿಗೆ ಹಾಗೆಂದು ಹೇಳಿ, ಪಕ್ಕದಲ್ಲಿ ಹೊಸದು ಕಟ್ಟಿ 2022ರ ಕೊನೆಯಲ್ಲಿ ಅದರ ಒಂದು ಬದಿ ತೆರೆದರು. ಲಾರಿಯವರು ಸುತ್ತು ಹಾಕಿದರು, ಗೊಣಗಿದರು. ಹಳೆಯದು ಯಾರ ತಲೆಯ ಮೇಲೂ ಬೀಳಲಿಲ್ಲ.

ಅಳತೆ ಶುರುವಾಗಬೇಕಾದದ್ದು ಸೇತುವೆ ಹಳತಾದ ಮೇಲೂ ಅಲ್ಲ. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸಿಗಂದೂರಿನ ಕಡೆಯ ಜನ ದಶಕಗಳಿಂದ ಲಾಂಚ್‌ಗೆ ಕಾದು ಕಾದು ಪಡೆದ ಸೇತುವೆ. ಅದೂ ಕೇಬಲ್‌ಗಳನ್ನು ನಂಬಿ ನಿಂತದ್ದು. ಹೊಸ ಸೇತುವೆಯನ್ನು ತೆರೆಯುವ ಮೊದಲು ಹೊರೆ ಪರೀಕ್ಷೆ ಮಾಡುವುದು ರೂಢಿ. ಅಂದು ತೊಲೆ ಎಷ್ಟು ಮಿ.ಮೀ. ಬಾಗಿತು, ಪ್ರತಿ ಕೇಬಲ್ಲಿನ ಎಳೆತ ಎಷ್ಟಿತ್ತು, ಸೇತುವೆ ಸೆಕೆಂಡಿಗೆ ಎಷ್ಟು ಸಲ ಕಂಪಿಸಿತು ಎಂಬ ಅಂಕಿಗಳು ಸಾಗರದ ಕಚೇರಿಯಲ್ಲೂ ಸಾರ್ವಜನಿಕ ಜಾಲತಾಣದಲ್ಲೂ ಐವತ್ತು ವರ್ಷದ ಮೇಲೂ ಸಿಗುವಂತಿರಬೇಕು. ಆಗ ಅಳೆಯಲು ಬರುವ ಎಂಜಿನಿಯರ್ ಇನ್ನೂ ಹುಟ್ಟಿರಲಿಕ್ಕಿಲ್ಲ, ಅವಳ ಅಳತೆಯನ್ನು ಹೋಲಿಸಿ ನೋಡಲು ಈ ಅಂಕಿಗಳನ್ನು ಬಿಟ್ಟರೆ ಬೇರೇನೂ ಇರುವುದಿಲ್ಲ.